ಎಷ್ಟು ಮಾಡಿಕೊಂಡಿರಿ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು, ಬಸ್ಸಿನಲ್ಲಿ ಸಿಕ್ಕ ಹಳೆಯ ಸಹಪಾಠಿ, ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮೈದುನ, ಎಲ್ಲರದ್ದೂ ಇದೇ: "ಎರಡೂವರೆ ವರ್ಷ ಗ್ರಾಮ ಪಂಚಾಯತಿ ಅಧ್ಯಕ್ಷೆ ಆಗಿದ್ದಿರಲ್ಲ, ಎಷ್ಟು ಮಾಡಿಕೊಂಡಿರಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಮೊದಲು ಲೆಕ್ಕ ಮುಗಿಸಿಬಿಡೋಣ. 2021ರಲ್ಲಿ ನಾನು ಆ ಕುರ್ಚಿಯಲ್ಲಿ ಕುಳಿತಾಗ ಅಧ್ಯಕ್ಷರ ಗೌರವಧನ ತಿಂಗಳಿಗೆ 3000 ರೂಪಾಯಿ. ಕಚೇರಿಗೆ ಬಂದವರಿಗೆಲ್ಲ ಟೀ ತರಿಸಿದರೆ ಹದಿನೈದನೇ ತಾರೀಕಿನೊಳಗೆ ಖಾಲಿ. ಮನೆಗೆ ಬಣ್ಣ ಹೊಡೆಸಿದ್ದು ನಿಜ, ಅದು ಹುಣಸೆಹಣ್ಣಿನ ದುಡ್ಡು. ಬೇಕಾದವರು ಮಂಡಿಯ ಚೀಟಿ ನೋಡಬಹುದು. ನೋಡಿದಿರಾ, ಚೀಟಿ ತೋರಿಸುವ ಮಟ್ಟಕ್ಕೆ ಇಳಿದುಬಿಟ್ಟೆ!

ಅನುಮಾನಪಡುವುದು ಜನರ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ "ಕೊಂಡಿರಿ" ಇದೆಯಲ್ಲ, ಅದು ಉರಿಸುತ್ತದೆ. ಅಡುಗೆ ಮಾಡಿದೆ ಎಂದರೆ ಮನೆಮಂದಿಗೆ, ಮಾಡಿಕೊಂಡೆ ಎಂದರೆ ನನ್ನ ಹೊಟ್ಟೆಗೆ. "ಏನು ಮಾಡಿದಿರಿ" ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಇನ್ನು ಅರ್ಧ ಜನ ನನ್ನನ್ನೇ ಕೇಳುವುದಿಲ್ಲ, ನಾನು ಎದುರಿಗಿರುವಾಗಲೇ ನನ್ನ ಗಂಡನನ್ನು ಕೇಳುತ್ತಾರೆ.

ಅದಕ್ಕೆ ಕಾರಣವಿಲ್ಲದಿಲ್ಲ. ಪಂಚಾಯತಿಯ ಬಿಲ್ಲು ಪಾವತಿಯಾಗಬೇಕಾದರೆ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೇಕು. ನನ್ನ ಸಹಿ ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಒಂದು ಡಾಂಗಲ್‌ನಲ್ಲಿತ್ತು. ಮೊದಲ ಎರಡು ತಿಂಗಳು ಅದು ನನ್ನ ಗಂಡನ ಬೈಕಿನ ಕೀ ಗೊಂಚಲಿನಲ್ಲಿ ತೂಗಾಡುತ್ತಿತ್ತು. "ನಿನಗೆ ಯಾಕೆ ತಲೆನೋವು" ಎಂದಿದ್ದರು, ನಾನೂ ಹೌದೆಂದುಕೊಂಡಿದ್ದೆ. ಒಂದು ದಿನ ಬಸ್ ನಿಲ್ದಾಣದ ಹೋಟೆಲಿನ ಮುಂದೆ ಒಬ್ಬ ಗುತ್ತಿಗೆದಾರ ಇವರನ್ನು ಕೇಳಿದ: "ಅಧ್ಯಕ್ಷರು ಇದ್ದಾರಾ?" ಇವರು ಪ್ಯಾಂಟಿನ ಜೇಬು ತಟ್ಟಿ "ಇದ್ದಾರೆ" ಎಂದರು. ನಾನು ಮೂರು ಹೆಜ್ಜೆ ಹಿಂದೆ ತರಕಾರಿ ಚೀಲ ಹಿಡಿದು ನಿಂತಿದ್ದೆ. ಅಂದು ರಾತ್ರಿ ಡಾಂಗಲ್ ಮೆಂತ್ಯದ ಡಬ್ಬಿ ಸೇರಿತು. ಒಂದು ವಾರ ನಮ್ಮ ಮನೆಯಲ್ಲಿ ಮಾತಿರಲಿಲ್ಲ.

ಆಮೇಲೆ ಉದ್ಯೋಗ ಖಾತರಿ. ಆ ವರ್ಷ ದಿನಗೂಲಿ 289 ರೂಪಾಯಿ. ರಾತ್ರಿ ಜೆಸಿಬಿಯಲ್ಲಿ ಕೆರೆ ಹೂಳು ತೆಗೆದು, ಹಗಲು ಎನ್‌ಎಂಆರ್ ಎಂಬ ಹಾಜರಿ ಪಟ್ಟಿಯಲ್ಲಿ ಕೂಲಿಯವರ ಹೆಸರು ಬರೆಯುವುದು, ಖಾತೆಗೆ ಹಣ ಬಂದ ಮೇಲೆ ಅವರಿಗೆ ಇಷ್ಟು ಎಂದು ಕೊಟ್ಟು ಉಳಿದದ್ದನ್ನು ವಾಪಸು ಪಡೆಯುವುದು. ಈ ವಿದ್ಯೆ ನಿಮಗೂ ಗೊತ್ತಿದೆ, ಬೆಳೆಸುವುದಿಲ್ಲ. ನನ್ನ ಕಣ್ಣಿಗೆ ಬಿದ್ದ ಎರಡು ಬಿಲ್ಲು ತಡೆದೆ. ಬೀಳದೆ ಹೋದದ್ದು ಎಷ್ಟೋ.

ಹಾಗಾದರೆ ಏನೂ ತೆಗೆದುಕೊಳ್ಳಲಿಲ್ಲವೇ? ಒಂದು ಸೀರೆ. ಗೌರಿ ಹಬ್ಬದ ದಿನ ಗುತ್ತಿಗೆದಾರನ ಹೆಂಡತಿ ಮೊರದ ಬಾಗಿನ ತಂದಳು. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ಎಲ್ಲದರ ಅಡಿಯಲ್ಲಿ ರೇಷ್ಮೆ ಸೀರೆ. ಹಣದ ಕವರು ಕೊಟ್ಟಿದ್ದರೆ ಮುಖಕ್ಕೆ ಎಸೆಯುವ ಧೈರ್ಯ ನನಗಿತ್ತು. ಮುತ್ತೈದೆ ಕೊಟ್ಟ ಬಾಗಿನವನ್ನು ಹೇಗೆ ಹಿಂದಿರುಗಿಸುವುದು? ಲಂಚ ಕೊಡುವವರು ನಮ್ಮ ಸಂಪ್ರದಾಯವನ್ನು ಪುರೋಹಿತರಿಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಅವನ ಚರಂಡಿ ಕೆಲಸ ಚೆನ್ನಾಗಿಯೇ ಇತ್ತು, ಬಿಲ್ಲು ನ್ಯಾಯವಾದದ್ದೇ. ಆದರೂ ಅದಕ್ಕೆ ಮಾರನೆಯ ದಿನವೇ ಸಹಿ ಹಾಕಿದೆನಲ್ಲ, ಉಳಿದವರ ಬಿಲ್ಲು ಎರಡು ವಾರದಿಂದ ಕಾಯುತ್ತಿತ್ತು.

ಕೇಳುವುದಾದರೆ "ಎಷ್ಟು" ಎಂದು ಕೇಳಬೇಡಿ, "ಯಾವಾಗ ಕೆಟ್ಟಿರಿ" ಎಂದು ಕೇಳಿ. ಅದಕ್ಕೆ ನನ್ನ ಬಳಿ ಉತ್ತರವಿದೆ. ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ.

ನಮ್ಮೂರಿನವರೇ ಒಬ್ಬರು. ಚುನಾವಣೆಯಲ್ಲಿ ಅರಳಿಕಟ್ಟೆಯ ಮೇಲೆ ಕುಳಿತು "ಇವಳಿಗೆ ಏನು ಗೊತ್ತು, ಮುದ್ದೆ ತೊಳಸುವುದು ಬಿಟ್ಟರೆ" ಎಂದಿದ್ದರು. ಅವರ ತಂದೆ ತೀರಿಕೊಂಡ ಮೇಲೆ ಮನೆಯ ಪೌತಿ ಖಾತೆಗೆ, ಅಂದರೆ ತಂದೆಯ ಹೆಸರಿನಲ್ಲಿದ್ದ ಮನೆಯ ದಾಖಲೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು, ಅರ್ಜಿ ಬಂತು. ದಾಖಲೆ ಎಲ್ಲ ಸರಿಯಿತ್ತು. ಸಭೆಯ ವಿಷಯಪಟ್ಟಿಯಲ್ಲಿ ಅದು ಬಂದಾಗ "ಮುಂದಿನ ಸಭೆಯಲ್ಲಿ ನೋಡೋಣ" ಎಂದೆ. ಯಾರೂ ಯಾಕೆಂದು ಕೇಳಲಿಲ್ಲ. ಮುಂದಿನ ಸಭೆಯಲ್ಲೂ ಅದೇ ಮಾತು. ಅವರಿಗೆ ಮಗಳ ನರ್ಸಿಂಗ್ ಫೀಸಿಗೆ ಸಾಲ ಬೇಕಿತ್ತು, ಸಾಲಕ್ಕೆ ಖಾತೆ ಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಹುಟ್ಟಿದಾಗಿನಿಂದ ನನ್ನನ್ನು "ನೀನು" ಎಂದವರು "ಮೇಡಂ, ತಾವು" ಎನ್ನತೊಡಗಿದರು. ಕುಳಿತುಕೊಳ್ಳಿ ಎಂದು ನಾನು ಹೇಳುತ್ತಿರಲಿಲ್ಲ. ಫ್ಯಾನಿನ ಕೆಳಗೆ ಕುಳಿತು, ಬೇಡದ ರಿಜಿಸ್ಟರಿನ ಹಾಳೆ ತಿರುವುತ್ತ, ಅವರು ನಿಂತೇ ಇರುವುದನ್ನು ಓರೆಗಣ್ಣಿನಲ್ಲಿ ನೋಡುವುದು ಎಷ್ಟು ಹಿತವಾಗಿತ್ತು ಎಂದರೆ, ಈಗ ಬರೆಯುವಾಗಲೂ ಸ್ವಲ್ಪ ಹಿತವಾಗಿಯೇ ಇದೆ.

ಮೂರನೆಯ ಸಲ ಅವರು ಮನೆಗೇ ಬಂದರು. ಜಗಲಿಯಿಂದ ಕಳುಹಿಸಿಬಿಟ್ಟೆ. ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆ ತಲೆ ಎತ್ತದೆ ಹೇಳಿದರು: "ನಮ್ಮ ಕೇರಿಗೆ ಬೋರು ಹಾಕಿಸಿದಾಗ ನೀರ್ ಸಾಬ್ ನಿಮ್ಮ ಮಾವನನ್ನು ಯಾರಿಗೆ ಓಟು ಹಾಕಿದೆ ಎಂದು ಕೇಳಿರಲಿಲ್ಲ."

ನೀರ್ ಸಾಬ್ ಎಂದರೆ ಅಬ್ದುಲ್ ನಜೀರ್ ಸಾಬ್, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಬರದ ವರ್ಷಗಳಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿದ್ದರಿಂದ ಜನ ಇಟ್ಟ ಹೆಸರು ಅದು. ನನಗೆ ಸೋಜಿಗ ಎನಿಸುವುದು ಅವರ ಇನ್ನೊಂದು ಕೆಲಸ. ಮಂತ್ರಿಯಾದವನು ಖಾತೆ ದೊಡ್ಡದು ಮಾಡಿಕೊಳ್ಳಲು ನೋಡುತ್ತಾನೆ. ಇವರು 1983ರಲ್ಲಿ ಪಂಚಾಯತ್ ಮಸೂದೆ ತಂದು ತಮ್ಮ ಇಲಾಖೆಯ ಅಧಿಕಾರವನ್ನೇ ಜಿಲ್ಲೆಗೆ, ಹಳ್ಳಿಗಳ ಗುಂಪಾದ ಮಂಡಲಕ್ಕೆ ಹಂಚಿದರು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷನಿಗೆ ರಾಜ್ಯ ಸಚಿವನ ದರ್ಜೆ. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ. ಮರುವರ್ಷ ಅವರು ತೀರಿಕೊಂಡರು. ಆ ಕಾಲು ಭಾಗ ಮುಂದೆ ಅರ್ಧವಾಗಿದ್ದಕ್ಕೆ ನನ್ನಂಥವಳಿಗೆ ಕುರ್ಚಿ ಸಿಕ್ಕಿತು. ಕನ್ನಡದಲ್ಲಿ "ಮಾಡಿಕೊಂಡ" ಇರುವ ಹಾಗೆ "ಮಾಡಿಕೊಟ್ಟ" ಎಂಬುದೂ ಇದೆ. ಆ ಮನುಷ್ಯ ಮಾಡಿಕೊಟ್ಟ ಕುರ್ಚಿಯ ಮೇಲೆ ಕುಳಿತು ನಾನು ಒಬ್ಬರನ್ನು ನಿಲ್ಲಿಸಿದ್ದೆ.

ಮುಂದಿನ ಸಭೆಯಲ್ಲಿ ಆ ಖಾತೆ ಮೊದಲ ವಿಷಯವಾಗಿ ಬಂತು, ಎರಡು ನಿಮಿಷದಲ್ಲಿ ಮುಗಿಯಿತು. ಅಷ್ಟರಲ್ಲಿ ಅವರು ಕೈಸಾಲ ಮಾಡಿ ಫೀಸು ಕಟ್ಟಿದ್ದರು. ಬಡ್ಡಿ ಎಷ್ಟು ಎಂದು ನಾನು ಕೇಳಲಿಲ್ಲ. ಮರುದಿನ ಅವರು ಸ್ವೀಟ್ ಬಾಕ್ಸ್ ತಂದು ನನ್ನ ಮೇಜಿನ ಮೇಲಿಟ್ಟು ಕೈ ಮುಗಿದರು. ಅವರಿಗೆ ಬರಬೇಕಾದದ್ದು ಅವರಿಗೆ ಬಂದಿದ್ದಕ್ಕೆ ನನಗೆ ಮೈಸೂರು ಪಾಕ್.

ಹೋದ ತಿಂಗಳು ಒಂದು ಮದುವೆಯಲ್ಲಿ ದೊಡ್ಡಮ್ಮನ ಮಗಳು ಇದೇ ಪ್ರಶ್ನೆ ಎತ್ತಿದಳು. ಹೋಗಲಿ ಎಂದು ಇಷ್ಟನ್ನೂ ಬಿಡಿಸಿ ಹೇಳಿದೆ, ಡಾಂಗಲ್, ಬಾಗಿನ, ಖಾತೆ, ಎಲ್ಲ. ಪಾಯಸ ಬಂದು ಹೋಯಿತು, ಅನ್ನ ಸಾರು ಬಂದು ಹೋಯಿತು, ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಎಲೆ ಮಡಿಸಿ ಏಳುವಾಗ ಹತ್ತಿರ ಬಾಗಿ, "ಆ ಸೀರೆ ಯಾವ ಬಣ್ಣದ್ದು?" ಎಂದಳು.

ನೇರಳೆ, ಹಸಿರು ಅಂಚು. ಮಡಿಕೆ ಬಿಚ್ಚಿಲ್ಲ.