‘ಆಯ್ತು ಮಗಾ’ ಅಂದರೆ ಆಗುವುದಿಲ್ಲ

“ಅರ್ಥ ಆಯ್ತಾ ಅಮ್ಮ?”

“ಆಯ್ತು ಮಗಾ.”

ಈ ವಾರ ಉಡುಪಿಯಲ್ಲಿ ನಡೆದ ರೋಗಿಗಳಿಗೆ ಫೋನಿನಲ್ಲಿ ಔಷಧದ ಸಲಹೆ ಕೊಡುವ ತರಬೇತಿಯಲ್ಲಿ ಐದನೇ ವರ್ಷದ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಹುಡುಗಿ ಇಷ್ಟಕ್ಕೇ ಕಾಲ್ ಮುಗಿಸುವವಳಿದ್ದಳು. ಆ ಕಡೆ ಹೆಬ್ರಿ ಹತ್ತಿರದ ಅಮ್ಮ. 20 ಯೂನಿಟ್ ಇನ್ಸುಲಿನ್ ನಡೆಯುತ್ತಿದೆ, ಶುಗರ್ ಇಳಿದಿಲ್ಲ. ಹುಡುಗಿ ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ: ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿ, ದಿನಾ ಜಾಗ ಬದಲಿಸಿ, ಬಾಟಲಿ ಕುಲುಕಬೇಡಿ, ಅಂಗೈಯಲ್ಲಿ ಉರುಳಿಸಿ, ಫ್ರೀಜರಿನಲ್ಲಿ ಇಡಬೇಡಿ. ಅಷ್ಟಕ್ಕೂ ಒಂದೇ ಉತ್ತರ, “ಆಯ್ತು ಮಗಾ.”

ವಿಡಿಯೋ ಹಾಕಿಸಿ, ಇನ್ಸುಲಿನ್ ಎಳೆದು ತೋರಿಸಿ ಅಂದಾಗ ಸೊಸೆ ಸಿರಿಂಜ್ ಹಿಡಿದಳು. ಕಿತ್ತಳೆ ಮುಚ್ಚಳ. ಬಾಟಲಿಯ ಮೇಲೆ 40 ಐಯು, ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್.

ಕಿತ್ತಳೆ ಮುಚ್ಚಳದ್ದು 100ರ ಸಿರಿಂಜ್, ಮಿ.ಲೀ.ಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಮಾಡಿದ್ದು. 40ರ ಬಾಟಲಿಗೆ ಬೇಕಾದದ್ದು ಕೆಂಪು ಮುಚ್ಚಳದ್ದು. 100ರದ್ದರಲ್ಲಿ 20ನೇ ಗೀಟಿಗೆ ಬರುವುದು 0.2 ಮಿ.ಲೀ., ಅಂದರೆ ಈ ಬಾಟಲಿಯ ಬರೀ 8 ಯೂನಿಟ್. ಸೊಸೆಯನ್ನು ದೂರಿ ಪ್ರಯೋಜನವಿಲ್ಲ, ಅವಳು ಗೀಟು ಸರಿಯಾಗಿಯೇ ನೋಡಿದ್ದಾಳೆ. ಬಾಟಲಿ ಯಾವುದೆಂದು ಕೇಳದೆ ಸಿರಿಂಜ್ ಕೊಟ್ಟವರು ಯೋಚಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ಮುಂದಿನ ಮಾತಿನಲ್ಲಿತ್ತು. “ಹಾಗಾದ್ರೆ ಕೆಂಪು ಮುಚ್ಚಳದ್ದು ತಂದು 20 ತಗೊಳ್ಳಿ” ಅಂದುಬಿಟ್ಟರೆ 8ರಿಂದ ಒಮ್ಮೆಗೇ 20ಕ್ಕೆ ಹಾರಿದ ಹಾಗೆ. ಶುಗರ್ ಇಳಿದಿಲ್ಲವೆಂದು ಡಾಕ್ಟರು ಡೋಸ್ ಮೊದಲೇ ಏರಿಸಿದ್ದರೆ ಇನ್ನೂ ಕಷ್ಟ. ಸಿರಿಂಜ್ ಬದಲಿಸುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಬೇಕು. ಬೆವರು, ನಡುಕ ಬಂದು ಶುಗರ್ ತೀರಾ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಬೇಕೆಂದು ಸೊಸೆಗೆ ತಿಳಿಸಬೇಕು.

ಘಟ್ಟದ ಬುಡದಲ್ಲಿ ಮಳೆಗಾಲದಲ್ಲಿ ವಿಡಿಯೋ ನಿಲ್ಲುವುದಿಲ್ಲ. ಆಗ ಮುಚ್ಚಳದ ಬಣ್ಣ ಕೇಳಿ, ಸಿರಿಂಜ್ ಮತ್ತು ಬಾಟಲಿಯ ಮೇಲಿನ ಸಂಖ್ಯೆ ಓದಿಸಬೇಕು. ಮನೆಮಾತು ತುಳುವಾದರೆ ತುಳುವಿನಲ್ಲೇ ಮಾತಾಡಿಸಬೇಕು. ಕನ್ನಡದಲ್ಲಿ ‘ಆಯ್ತು’ ಅಂದು ಸುಮ್ಮನಾಗುವವರು ತುಳುವಿನಲ್ಲಿ ತಿರುಗಿ ಪ್ರಶ್ನೆ ಹಾಕುತ್ತಾರೆ.

ಹುಡುಗಿ ಜಾಣೆ. ಅವಳು ತಡವರಿಸದೆ ಹೇಳಿದ್ದಕ್ಕೆ ನಾವು ಅಂಕ ಕೊಡುತ್ತ ಬಂದಿದ್ದೇವೆ, ಹಾಗಾಗಿ ಹೇಳುವುದನ್ನೇ ಕಲಿತಿದ್ದಾಳೆ. ಅರ್ಧದಷ್ಟು ಅಂಕವಾದರೂ ಆ ಕಡೆಯವರಿಂದ ಮಾಡಿಸಿ ನೋಡಿದ್ದಕ್ಕೆ ಇರಲಿ. ಒತ್ತುವ ಇನ್ಹೇಲರ್ ಆದರೆ ಮೊದಲು ಉಸಿರು ಪೂರ್ತಿ ಬಿಟ್ಟರೇ, ಒತ್ತಿದ್ದೂ ಎಳೆದದ್ದೂ ಒಟ್ಟಿಗೆ ಆಯಿತೇ, 10 ಸೆಕೆಂಡ್ ಉಸಿರು ಹಿಡಿದರೇ, ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿದರೇ ಎಂದು ವಿದ್ಯಾರ್ಥಿ ನೋಡಿ ಬರೆದುಕೊಳ್ಳಬೇಕು.