ಎರಡು ತೋಳಿನ ಪನಿಗಾಲೆ

ಕಳೆದ ನವೆಂಬರ್‌ನಲ್ಲಿ ಇಟಲಿಯಲ್ಲಿ ಎಂಟು ದಿನ ಇದ್ದೆ. ರೋಮ್, ಫ್ಲಾರೆನ್ಸ್‌ಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸು ಮಾತ್ರ ಬೊಲೋನ್ಯದ ಅಂಚಿನ ಬೋರ್ಗೊ ಪನಿಗಾಲೆಯಲ್ಲೇ ಉಳಿದಿದೆ. ಡುಕಾಟಿ ಬೈಕ್ ಕಾರ್ಖಾನೆ ಇರುವ ಊರು ಅದು. ಕಂಪನಿ ತನ್ನ ಸೂಪರ್‌ಬೈಕಿಗೆ ಊರಿನ ಹೆಸರನ್ನೇ ಇಟ್ಟಿದೆ.

ಹೋಗುವವರಿಗೆ ಒಂದು ಮಾತು. ಮ್ಯೂಸಿಯಂ ಟಿಕೆಟ್ ಬೇರೆ, ಕಾರ್ಖಾನೆಯ ಒಳಗೆ ಕರೆದೊಯ್ಯುವ ಟಿಕೆಟ್ ಬೇರೆ. ನನ್ನ ಪ್ರವಾಸ ಏರ್ಪಡಿಸಿದವರು "ಎಲ್ಲವೂ ಸೇರಿದೆ ಸಾರ್" ಎಂದಿದ್ದರು. ಬಾಗಿಲಲ್ಲಿ ನಿಂತಾಗ ಗೊತ್ತಾಯಿತು, ಸೇರಿದ್ದು ಮ್ಯೂಸಿಯಂ ಮಾತ್ರ. ಮೈಸೂರಿನಿಂದ ಅಷ್ಟು ದೂರ ಹೋಗಿ ಜೋಡಣೆಯ ಸಾಲನ್ನು ನೋಡದೆ ಬಂದ ಸಂಕಟ ಇನ್ನೂ ಹೋಗಿಲ್ಲ. ಟಿಕೆಟನ್ನು ನೀವೇ ಓದಿ ನೋಡಿ, ಮುಂಚಿತವಾಗಿ ಕಾಯ್ದಿರಿಸಿ.

ಹಿಂದಿನ ದಿನ ನಗರದ ಷೋರೂಮಿನಲ್ಲಿ ಹೊಸ ಪನಿಗಾಲೆ ವಿ4 ನೋಡಿದ್ದೆ. 1103 ಸಿಸಿ, 216 ಅಶ್ವಶಕ್ತಿ. ಮುಖ ನೋಡಿದರೆ ಡುಕಾಟಿಯ ಹಳೆಯ ಬೈಕು 916ರ ಮೊಮ್ಮಗಳು ಎಂದು ಯಾರು ಬೇಕಾದರೂ ಹೇಳಬಹುದು: ಅದೇ ಕಿರಿದಾದ ಜೋಡಿ ಕಣ್ಣು, ಅದೇ ಚೂಪು. ಮೂತಿಯ ಇಕ್ಕೆಲದ ರೆಕ್ಕೆಗಳು ನನಗೆ ಹಿಡಿಸಲಿಲ್ಲ, ಅಷ್ಟು ಚಂದದ ಮುಖಕ್ಕೆ ಅವು ಭಾರ. ಆದರೆ ಮನಸ್ಸು ಕಲಕಿದ್ದು ಹಿಂದಿನ ಚಕ್ರ. ಹಿಂದಿನ ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ತೋಳಿಗೆ ಸ್ವಿಂಗ್ ಆರ್ಮ್ ಎನ್ನುತ್ತಾರೆ. ಒಂದೇ ಕಡೆಯಿಂದ ಹಿಡಿಯುವ ಹಳೆಯ ತೋಳು ಹೋಗಿ, ಚಕ್ರವನ್ನು ಎರಡೂ ಕಡೆಯಿಂದ ಹಿಡಿಯುವ ಟೊಳ್ಳು ತೋಳು ಬಂದಿದೆ. ಬೇಸರವಾಯಿತು.

ಮರುದಿನ ಮ್ಯೂಸಿಯಂನಲ್ಲಿ ಆ 916ರ ಮುಂದೆಯೇ ಕಾಲು ನಿಂತುಬಿಟ್ಟಿತು. ಮಾಸ್ಸಿಮೊ ತಂಬುರಿನಿ ರೂಪಿಸಿ, 1993ರಲ್ಲಿ ಮಿಲಾನಿನಲ್ಲಿ ಲೋಕಕ್ಕೆ ತೋರಿಸಿದ ಬೈಕು. ಬಲಗಡೆಯಿಂದ ನೋಡಿದರೆ ಚಕ್ರಕ್ಕೆ ಯಾವ ಮರೆಯೂ ಇಲ್ಲ. ನಡುವೆ ಒಂದು ದೊಡ್ಡ ನಟ್ಟು, ಅಷ್ಟೇ. ಪಕ್ಕದಲ್ಲಿ ಒಬ್ಬ ಹಿರಿಯರು ಮೊಮ್ಮಗಳ ಜೊತೆ ನಿಂತಿದ್ದರು. ಪ್ರಾಯದಲ್ಲಿ ಫಿಟ್ಟರ್ ಆಗಿದ್ದವರಂತೆ. ನನ್ನ ಬೇಸರವನ್ನು ಇಂಗ್ಲಿಷಿನಲ್ಲಿ ಹೇಳಿದೆ, ಹುಡುಗಿ ಅನುವಾದಿಸಿದಳು. ಅವರು ತಮ್ಮ ಚೀಲವನ್ನು ನನ್ನ ಬಲಗೈಗೆ ಕೊಟ್ಟು, ಕೈಯನ್ನು ಮುಂದಕ್ಕೆ ಚಾಚಲು ಹೇಳಿದರು.

"ಭುಜ ಬಿಗಿಯಿತೇ?"

ಬಿಗಿದಿತ್ತು. "ಈಗ ಎರಡೂ ಕೈಯಲ್ಲಿ ಹಿಡಿಯಿರಿ."

ಭುಜ ಸಡಿಲವಾಯಿತು.

ಬೈಕು ತಿರುವಿನಲ್ಲಿ ಪೂರಾ ವಾಲಿದಾಗ ರಸ್ತೆಯ ಏರುತಗ್ಗು ಸಸ್ಪೆನ್ಷನ್‌ಗೆ ನೇರವಾಗಿ ಸಿಗುವುದಿಲ್ಲ, ಅಡ್ಡಲಾಗಿ ಬಡಿಯುತ್ತದೆ; ಆಗ ಚೌಕಟ್ಟೂ ತೋಳೂ ತುಸು ಬಾಗಿ ಪೆಟ್ಟನ್ನು ನುಂಗಬೇಕು ಎಂದು ವಿವರಿಸಿದರು. ಒಂಟಿ ತೋಳು ಭಾರವನ್ನೆಲ್ಲ ತಾನೇ ಹೊರುವುದರಿಂದ ಬಿಗಿದುಕೊಂಡೇ ಇರಬೇಕು. ಹೊಸ ತೋಳು ಪಕ್ಕಕ್ಕೆ ಬಾಗದಂತೆ ತಡೆಯುವ ಬಿಗಿತವನ್ನು ಕಂಪನಿ 37% ತಗ್ಗಿಸಿದೆ. ಟೈರು ನೆಲ ಬಿಡದಿದ್ದರೆ ಸವಾರ ಬೇಗ ಥ್ರಾಟಲ್ ತೆರೆಯುತ್ತಾನೆ. ರೇಸಿಗಾಗಿಯೇ ಕಟ್ಟಿದ ಬೈಕುಗಳ ಪಂದ್ಯವಾದ ಮೋಟೊಜಿಪಿಯ ಡುಕಾಟಿಗಳಿಗೆ ಇರುವುದೂ ಎರಡು ತೋಳೇ.

ಹಿಂದೆ 999 ಬೈಕಿಗೂ ಎರಡು ತೋಳು ಕೊಟ್ಟಾಗ ಅಭಿಮಾನಿಗಳು ಮೂಗು ಮುರಿದಿದ್ದರು. ಅದೇ ಬೈಕು 2003, 2004, 2006ರಲ್ಲಿ ರಸ್ತೆ ಬೈಕುಗಳ ರೇಸಾದ ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದಿತು! ಈಗ ರೇಸಿಗೆಂದೇ ಮಾಡಿದ ಪನಿಗಾಲೆ, 998 ಸಿಸಿಯ ಹೊಸ ವಿ4 ಆರ್, 2026ರಲ್ಲಿ ಕಣಕ್ಕಿಳಿದಿದೆ. 2022, 2023ರಲ್ಲಿ ಡುಕಾಟಿ ಸವಾರ ಬೌಟಿಸ್ಟಾ ಹಳೆಯ ವಿ4 ಆರ್‌ನಲ್ಲಿ ಗೆದ್ದರು. ನಂತರದ ಎರಡು ವರ್ಷ ಬಿಎಂಡಬ್ಲ್ಯು ಏರಿದ ಟೊಪ್ರಾಕ್ ಪಟ್ಟ ಕಸಿದುಕೊಂಡರು, ಡುಕಾಟಿಯ ಬುಲೇಗಾ ಎರಡನೆಯವರಾದರು. ಟೊಪ್ರಾಕ್ 2026ಕ್ಕೆ ಮೋಟೊಜಿಪಿಗೆ ಹೋಗಿದ್ದಾರೆ. ಬಾಗುವ ತೋಳಿನ ಮೇಲೆ ಬುಲೇಗಾ ಕೂತರೆ ಈ ಸಲ ತಡೆಯುವವರು ನನಗಂತೂ ಕಾಣುವುದಿಲ್ಲ.

"ನಿಮ್ಮೂರಿನಲ್ಲಿ ಬೈಕ್ ಕಾರ್ಖಾನೆ ಇದೆಯೇ?" ಎಂದು ಹಿರಿಯರು ಕೇಳಿದರು. ಇತ್ತು ಎಂದೆ. ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು, ಅಪ್ಪ ಅಲ್ಲಿ ಎಂಜಿನ್ ಜೋಡಿಸುತ್ತಿದ್ದರು. ಮೊಬೈಲಿನಲ್ಲಿ ಅದೇ ಕಾರ್ಖಾನೆಯ ಬೈಕು, ಅಪ್ಪನ ಯೆಜ್ಡಿಯ ಚಿತ್ರ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಹಿಗ್ಗಿಸಿದರು. ಎಂಜಿನ್ನಿನ ಮೇಲೆ ಬೆರಳಿಟ್ಟು ಎಣಿಸಿದರು.

"ಒಂದೇ ಸಿಲಿಂಡರ್, ಎರಡು ಸೈಲೆನ್ಸರ್?"

ಹೌದು ಎಂದೆ. ಅವರು ಮೊಮ್ಮಗಳನ್ನು ಹತ್ತಿರ ಕರೆದು, ಮೊಬೈಲನ್ನು ಅವಳತ್ತ ತಿರುಗಿಸಿ, ಇಟಾಲಿಯನ್‌ನಲ್ಲಿ ತುಂಬ ಹೊತ್ತು ಏನೋ ವಿವರಿಸಿದರು. ಅವಳು ಅನುವಾದಿಸಲಿಲ್ಲ, ನಾನೂ ಕೇಳಲಿಲ್ಲ.