ಮೋಲ್ಡ್ ಹಾಕುವ ದಿನ ಯಾರ ಹೊಣೆ ಯಾವುದು

ತಾರಸಿಗೆ ಮೋಲ್ಡ್ ಹಾಕುವ ದಿನ ಸೈಟಿನಲ್ಲಿ ಹಬ್ಬದ ಗಡಿಬಿಡಿ. ಪೂಜೆ ಮುಗಿದು ಮಿಕ್ಸರ್ ತಿರುಗಲು ಶುರುವಾದರೆ ಸಂಜೆಯವರೆಗೆ ನಿಲ್ಲಿಸುವಂತಿಲ್ಲ. ಸಾವಿರ ಚದರಡಿಯ, 5 ಇಂಚು ದಪ್ಪದ ಸ್ಲ್ಯಾಬ್ ಎಂದರೆ ಸುಮಾರು 11.8 ಘನ ಮೀಟರ್ ಕಾಂಕ್ರೀಟ್. ಅದರಡಿ ಮುಚ್ಚಿಹೋದ ತಪ್ಪು ಮತ್ತೆ ಕಣ್ಣಿಗೆ ಬೀಳುವುದು ಬಿರುಕು ಬಿಟ್ಟಾಗಲೇ. ಕಂಬಿ ಕಟ್ಟಿದವರು ಇಂಜಿನಿಯರ್ ನೋಡಿರುತ್ತಾರೆ ಅಂದುಕೊಳ್ಳುತ್ತಾರೆ, ಇಂಜಿನಿಯರ್ ಮೇಸ್ತ್ರಿಯನ್ನು ನಂಬುತ್ತಾರೆ, ಮೇಸ್ತ್ರಿ ಕಂಬಿಯವರನ್ನು. ಹೀಗೆ ಮೂವರಿದ್ದೂ ಯಾರೂ ನೋಡದ ಜಾಗ ಉಳಿದುಬಿಡುತ್ತದೆ.

ಅಂಥ ಜಾಗಗಳಲ್ಲಿ ಮೊದಲನೆಯದು ಬಾಲ್ಕನಿ. ಮಾಮೂಲು ಸ್ಲ್ಯಾಬ್‌ನ ನಡುವೆ ಎಳೆತ ಕೆಳಭಾಗದಲ್ಲಿ ಬೀಳುತ್ತದೆ, ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಮೇಲ್ಭಾಗದಲ್ಲಿ. ಎಳೆತ ತಡೆಯುವುದು ಕಂಬಿ, ಅದಕ್ಕೇ ಅಲ್ಲಿ ಮುಖ್ಯ ಕಂಬಿ ಮೇಲೆ ಕೂರಬೇಕು. ಹಿಂದಿನ ಸಂಜೆ ಸರಿಯಾಗಿಯೇ ಕಟ್ಟಿರುತ್ತಾರೆ. ಮರುದಿನ ಬಾಂಡ್ಲಿ ಹೊತ್ತವರು ಅದರ ಮೇಲೆಯೇ ಓಡಾಡಿ ತುಳಿದು ತಳಕ್ಕಿಳಿಸುತ್ತಾರೆ. 125 ಮಿ.ಮೀ. ಸ್ಲ್ಯಾಬ್‌ನಲ್ಲಿ ಮೇಲಿನ ಕಂಬಿ 50 ಮಿ.ಮೀ. ಕುಸಿದರೆ ಅದರ ತಾಕತ್ತು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎರಡು ಮೂರು ಅಡಿಗೊಂದರಂತೆ ಕಂಬಿಯ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ, ಕಂಬಿ ಬಗ್ಗಿಸಿ ಮಾಡಿದ ಕಾಲು) ಇಟ್ಟು, ಓಡಾಟಕ್ಕೆ ಬೇರೆ ಹಲಗೆ ಹಾಸಬೇಕು. ಕಂಬಿಯವರ ಲೆಕ್ಕ ಹಿಂದಿನ ದಿನವೇ ಚುಕ್ತಾ ಮಾಡಿ ಕಳಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅವರಲ್ಲಿ ಒಬ್ಬರು ಮೋಲ್ಡ್ ಮುಗಿಯುವವರೆಗೂ ಮೇಲಿದ್ದು, ಜಗ್ಗಿದ ಕಂಬಿಯನ್ನು ಆಗಾಗ ಎತ್ತಿ ಕಟ್ಟಬೇಕು. ಕಟ್ಟಿದ ಕೈಗೇ ಕಾಯುವ ಕೆಲಸವೂ ಸೇರಿದ್ದು. ತಳದ ಕಂಬಿ ಶೀಟಿಗೆ ತಾಗದಂತೆ ಅದರಡಿ 20 ಮಿ.ಮೀ. ಕವರ್ ಬ್ಲಾಕ್ ಇರಲಿ. ಜಲ್ಲಿ ಚೂರು ಸಿಕ್ಕಿಸಿದರೆ ತುಳಿದಾಗ ಜಾರುತ್ತದೆ.

ಎರಡನೆಯ ಜಾಗ ಮಿಕ್ಸರ್ ಪಕ್ಕದ ನೀರಿನ ಡ್ರಮ್. 50 ಕೆ.ಜಿ. ಸಿಮೆಂಟ್ ಚೀಲಕ್ಕೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ, 25 ಲೀಟರ್ ನೀರು ಎಂದು ಲೆಕ್ಕ ಹಿಡಿದಿದ್ದರೆ, ಮೇಲಿಂದ "ಲೂಸ್ ಮಾಡ್ರೋ" ಎಂಬ ಕೂಗು ಬಂದಾಗ 5 ಲೀಟರ್ ಜಾಸ್ತಿ ಬೀಳುತ್ತದೆ. ಸಿಮೆಂಟಿಗೆ ನೀರಿನ ಪ್ರಮಾಣ 0.5ರಿಂದ 0.6ಕ್ಕೆ ಏರಿತು, ಬಲ ಇಳಿಯಿತು. ಮಳೆಯಲ್ಲಿ ನೆನೆದ ಮರಳಿನಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೆ ಚೀಲವೊಂದಕ್ಕೆ ಸುಮಾರು 4 ಲೀಟರ್ ಅದರಲ್ಲೇ ಬಂದಿರುತ್ತದೆ, ಅಷ್ಟನ್ನು ಕಡಿಮೆ ಮಾಡಬೇಕು. ನೀರು ಹಾಕುವ ಕೆಲಸ ಬೆಳಗಿನಿಂದ ಸಂಜೆವರೆಗೆ ಒಬ್ಬರದ್ದೇ ಇರಲಿ, ಕೈಯಲ್ಲಿ ಗುರುತು ಹಾಕಿದ ಬಕೆಟ್ ಇರಲಿ. ಮೇಸ್ತ್ರಿ ಹೇಳದೆ ಅಳತೆ ಬದಲಾಗಕೂಡದು. ಮಾಲು (ಕಲಸಿದ ಕಾಂಕ್ರೀಟ್) ಹರಿಯದಿದ್ದರೆ ಅದನ್ನು ಅದುರಿಸಿ ಕೂರಿಸಲು ವೈಬ್ರೇಟರ್ ಇದೆ: ಸೂಜಿ ನೆಟ್ಟಗೆ ಇಳಿಸಿ, ಗುಳ್ಳೆ ನಿಂತ ಮೇಲೆ ನಿಧಾನಕ್ಕೆ ಎತ್ತಬೇಕು, ಅದರಿಂದ ಮಾಲು ಎಳೆಯಬಾರದು.

ಇಷ್ಟು ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ ಬಲ ಪರೀಕ್ಷೆಗೆ ಎರಡು ಸಲ ಮಾದರಿ ತೆಗೆಯಬೇಕು, ಪ್ರತಿ ಸಲ 150 ಮಿ.ಮೀ.ನ ಮೂರು ಕ್ಯೂಬ್. ಮಿಕ್ಸರ್‌ನಿಂದ ಬಂದ ಮಾಮೂಲು ಮಾಲಿನಿಂದಲೇ ತುಂಬಬೇಕು. ಕ್ಯೂಬಿಗೆಂದೇ ಸಿಮೆಂಟ್ ಜಾಸ್ತಿ ಹಾಕಿ ಕಲಸಿದರೆ ವರದಿ ಚೆನ್ನಾಗಿರುತ್ತದೆ, ತಾರಸಿ ಹೇಗಿದೆಯೆಂದು ಮಾತ್ರ ಗೊತ್ತಾಗುವುದಿಲ್ಲ.

ಸಂಜೆ ಊಟ ಮುಗಿಸಿ ಎಲ್ಲರೂ ಹೊರಟ ಮೇಲೆ ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಒಣಗದಂತೆ ನೀರುಣಿಸುವ ಕೆಲಸ, ಯಾರದ್ದು? ಈಗ ಮನೆ ಕೆಲಸಕ್ಕೆ ಹೆಚ್ಚಾಗಿ ಬರುವುದು ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರು ಬೇಕು. ಮಾರನೇ ಬೆಳಗ್ಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವವರು ಮನೆ ಯಜಮಾನರೋ ಮೇಸ್ತ್ರಿ ಕಡೆಯವರೋ ಎಂದು ಮೊದಲೇ ಮಾತಾಗಿರಬೇಕು. ಸೆಂಟ್ರಿಂಗ್‌ನವರಿಗೆ (ಸ್ಲ್ಯಾಬ್ ಅಡಿಗೆ ಶೀಟ್ ಕಟ್ಟಿ ಆಸರೆ ಕೊಟ್ಟವರಿಗೆ) ಮುಂದಿನ ಸೈಟಿಗೆ ಪ್ರಾಪ್, ಅಂದರೆ ಆಸರೆ ಕಂಬ, ಬೇಕಾಗಿರುತ್ತದೆ. ಆ ಅವಸರಕ್ಕೆ ಮಣಿಯದೆ, ಬಿಚ್ಚುವ ತಾರೀಖನ್ನು ಇಂಜಿನಿಯರ್ ಬರೆದು ಸಹಿ ಹಾಕಲಿ.

ಶೀಟ್ ಇಳಿಸಿದಾಗ ಎಲ್ಲಾದರೂ ಜಲ್ಲಿ ಬಿಟ್ಟುಕೊಂಡ ಟೊಳ್ಳು ಕಂಡರೆ, ಪ್ಲಾಸ್ಟರ್ ಬಳಿಯುವ ಮೊದಲು ಫೋಟೋ ತೆಗೆದು ಇಂಜಿನಿಯರ್‌ಗೂ ಮನೆಯವರಿಗೂ ತೋರಿಸಬೇಕು. ಸಡಿಲವಾದದ್ದನ್ನೆಲ್ಲ ಗಟ್ಟಿ ಸಿಗುವವರೆಗೆ ಕೆತ್ತಿ, ತೊಳೆದು, ಆಮೇಲೆ ತುಂಬಬೇಕು. ಕಂಬಿಯೇ ಕಾಣುತ್ತಿದ್ದರೆ ಇಂಜಿನಿಯರ್ ಬಂದು ನೋಡುವವರೆಗೆ ಆ ಭಾಗದ ಪ್ರಾಪ್ ಮತ್ತೆ ಕೊಟ್ಟು ನಿಲ್ಲಿಸಬೇಕು.